ಏನೂ ಹಾಕದ ಫ್ಲಾಸ್ಕು

ಸ್ಟೆಲ್ಲಾ, ನಿನ್ನ ಸಂಶೋಧನೆಯನ್ನು ಹಾಳು ಮಾಡಿದವಳು ನಾನು. ಏನೂ ಹಾಕಬಾರದಾಗಿದ್ದ ಆ ಫ್ಲಾಸ್ಕಿಗೆ ಬ್ಯಾಕ್ಟೀರಿಯಾ ಹೋದದ್ದು ನನ್ನ ಕೈಯಿಂದ — ಇಷ್ಟನ್ನು ಹೋದ ಭಾನುವಾರ ನಿನ್ನ ಅಡುಗೆಮನೆಯಲ್ಲಿ ನಿಂತು ಹೇಳಿದೆ. ನೀನು ಅತ್ತೆ, ನಕ್ಕೆ, ತಬ್ಬಿಕೊಂಡು ಕ್ಷಮಿಸಿಯೂ ಬಿಟ್ಟೆ. ಕುವೆಂಪುನಗರದಿಂದ ಅಗ್ರಹಾರದವರೆಗೆ ಸ್ಕೂಟರ್ ಓಡಿಸಿಕೊಂಡು ಬರುವಾಗ ಎದೆ ಹಗುರಾಯಿತು ಅಂದುಕೊಂಡಿದ್ದೆ. ಮನೆಯ ಬೀಗ ತೆಗೆಯುವಷ್ಟರಲ್ಲಿ ಗೊತ್ತಾಯಿತು, ಏನೂ ಹಗುರಾಗಿಲ್ಲ. ನಾನು ಹೇಳಿದ್ದು ಅರ್ಧ. ಅದೂ ಚಿಕ್ಕ ಅರ್ಧ. ದೊಡ್ಡದನ್ನು ನುಂಗಿಕೊಂಡು ಬಂದಿದ್ದೆ. ನೀನು ಕ್ಷಮಿಸಿದ್ದು ನಾನು ತೋರಿಸಿದಷ್ಟನ್ನು ಮಾತ್ರ. ಉಳಿದದ್ದನ್ನು ಕೇಳಿದ ಮೇಲೆ ಆ ಕ್ಷಮೆ ಇರುತ್ತದೋ ಇಲ್ಲವೋ — ಇರಬೇಕಾದ್ದೇನೂ ಇಲ್ಲ.

ಲ್ಯಾಬಿನಲ್ಲಿ ನನ್ನ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಗ್ಯಾಸ್ ಸಿಲಿಂಡರಿನವನಿಂದ ಹಿಡಿದು ನಮ್ಮಿಬ್ಬರಿಗೂ ಗೈಡ್ ಆಗಿದ್ದ ಮೇಷ್ಟ್ರವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಷ್ಟು ಮಾತಾಡುವ ಬಾಯಿ ಬೇಕಾದ ಕಡೆ ಹೊಲಿದ ಹಾಗೆ ಮುಚ್ಚಿಕೊಂಡಿತು, ಎರಡು ಸಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನಿನ್ನ ಮಗಳು ಅನಿತಾ ಕೂಡ ಓದಬೇಕು. ತನ್ನ ಅಮ್ಮನ ಕೈ ಎಂಥದ್ದಾಗಿತ್ತು ಅಂತ ಆ ಹುಡುಗಿಗೆ ಗೊತ್ತಾಗಬೇಕು.

ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ನಾವು ಸಮುದ್ರದ ಕೆಲಸ ಮಾಡುತ್ತಿದ್ದೆವು. ನೀನು ಮೊದಲ ಸಲ ಕರಾವಳಿಗೆ ಹೋಗಿ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೀನುಗಾರಿಕೆ ಬಂದರಿನ ದಡದ ಕಪ್ಪು ಕೆಸರು — ದೋಣಿಗಳಿಂದ ಸೋರಿದ ಡೀಸೆಲ್ಲು, ಎಂಜಿನ್ನಿನಿಂದ ಇಳಿಸಿ ಚೆಲ್ಲಿದ ಹಳೇ ಆಯಿಲ್ಲು, ಎಲ್ಲ ವರ್ಷಗಟ್ಟಲೆ ಕೂತು ನಾರುತ್ತಿದ್ದ ಕೆಸರು. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು, ಘಾಟಿಯ ಉದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದೆ. "ಏನಮ್ಮ ಅದು, ಕೊಳ್ತೋಗಿರೋ ಮೀನಾ?" ಅಂತ ಕಂಡಕ್ಟರು ಕೇಳಿದನಂತೆ. "ಇಲ್ಲ, ಮಕ್ಳು" ಅಂದೆಯಂತೆ. ಲ್ಯಾಬಿನ ಬಾಗಿಲಲ್ಲಿ ನಿಂತು ಇದನ್ನು ಹೇಳಿ ನೀನು ನಕ್ಕದ್ದು, ಸೀರೆಯ ಮೇಲೆ ಕೆಸರಿನ ಕಲೆ, ಬಸ್ಸಿನ ದಣಿವು — ನಿನಗೆ ಅವತ್ತು ಏನೋ ಸಿಕ್ಕಿತ್ತು, ಅದು ನಿನ್ನ ಮುಖದಲ್ಲೇ ಇತ್ತು.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅಪರೂಪವೇನಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಮಣ್ಣಿನಲ್ಲೂ ಸಿಗುತ್ತದೆ. ಆದರೆ ಅದನ್ನು ಉಪ್ಪುನೀರಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಉಪ್ಪು ಅದರ ಮೈಯೊಳಗಿನ ನೀರನ್ನೆಲ್ಲ ಎಳೆದುಬಿಡುತ್ತದೆ, ಉಪ್ಪಿನಲ್ಲಿ ನೆನೆಹಾಕಿದ ಮಾವಿನಮಿಡಿ ಸುಕ್ಕುಗಟ್ಟುವ ಹಾಗೆ. ಸಮುದ್ರದಲ್ಲೋ ಉಪ್ಪಿನ ಗದ್ದೆಯಲ್ಲೋ ಎಣ್ಣೆ ಚೆಲ್ಲಿದರೆ ಅದನ್ನು ತಿನ್ನುವುದಕ್ಕೆ ಉಪ್ಪಿನಲ್ಲೇ ಹುಟ್ಟಿ ಬೆಳೆದದ್ದೇ ಆಗಬೇಕು. ಅಂಥದ್ದು ಆ ಕೆಸರಿನಲ್ಲಿ ನಿನಗೆ ಸಿಕ್ಕಿತು. ಸಮುದ್ರಕ್ಕಿಂತ ಹೆಚ್ಚು ಉಪ್ಪು ಹಾಕಿದರೂ ಅದು ಜಗ್ಗಲಿಲ್ಲ. ನೀನು ಅವನ್ನು 'ಮರಿಗಳು' ಅಂತ ಕರೆಯುತ್ತಿದ್ದೆ. ಬೆಳಿಗ್ಗೆ ಬಂದವಳೇ ಬ್ಯಾಗು ಇಳಿಸುವ ಮೊದಲು ಫ್ಲಾಸ್ಕಿನ ಹತ್ತಿರ ಬಗ್ಗಿ, "ಮರಿಗಳು ಊಟ ಮಾಡಿದ್ವಾ?" ಅಂತ ಕೇಳುತ್ತಿದ್ದೆ. ಊಟ ಅಂದರೆ ನಿನ್ನ ಅಪ್ಪನ ಗ್ಯಾರೇಜಿನ ಎಣ್ಣೆ. ಅಶೋಕಪುರಂನಲ್ಲಿ ಸ್ಕೂಟರ್, ಬೈಕು ರಿಪೇರಿ ಮಾಡುತ್ತಿದ್ದ ಅವರು ಗಾಡಿಗಳಿಂದ ಇಳಿಸಿದ ಸುಟ್ಟ ಆಯಿಲ್ಲನ್ನು ನಿನಗೋಸ್ಕರ ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿ ತುಂಬಿ ಕೊಡುತ್ತಿದ್ದರು. ಮಗಳ ಓದಿಗೆ ತನ್ನಿಂದ ಆಗುವುದು ಇಷ್ಟಾದರೂ ಇದೆಯಲ್ಲ ಅಂತ ಅವರಿಗೆ ಹೆಮ್ಮೆ.

ಉಪ್ಪುನೀರಿನ ಮೇಲೆ ಕಪ್ಪಗೆ ಪದರ ಕಟ್ಟಿದ ಆ ಎಣ್ಣೆ ವಾರಗಳು ಕಳೆದ ಹಾಗೆ ಒಡೆದು, ಹನಿಹನಿಯಾಗಿ, ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಫ್ಲಾಸ್ಕು ಯಾವಾಗಲೂ ಇರಬೇಕು — ಅದೇ ಉಪ್ಪುನೀರು, ಅದೇ ಎಣ್ಣೆ, ಆದರೆ ಬ್ಯಾಕ್ಟೀರಿಯಾ ಹಾಕಿರಬಾರದು. ನಾವು ಅದಕ್ಕೆ ಕಂಟ್ರೋಲ್ ಅನ್ನುತ್ತಿದ್ದೆವು. ಅದರಲ್ಲಿ ಎಣ್ಣೆ ಹಾಗೇ ನಿಂತಿದ್ದರೆ ಮಾತ್ರ, ಇದರಲ್ಲಿ ಎಣ್ಣೆ ಹೋಗಿದ್ದು ಬ್ಯಾಕ್ಟೀರಿಯಾದಿಂದ ಅಂತ ಹೇಳಬಹುದು. ಒಟ್ಟು ಕೆಲಸದ ಸಾಕ್ಷಿ ಅಂದರೆ ಆ ಏನೂ ಹಾಕದ ಫ್ಲಾಸ್ಕು.

ನನಗೆ ಹೊಟ್ಟೆಕಿಚ್ಚಿತ್ತು, ಸ್ಟೆಲ್ಲಾ. ಇದನ್ನು ಭಾನುವಾರ ಹೇಳಲಿಲ್ಲ. ನನ್ನ ಬ್ಯಾಕ್ಟೀರಿಯಾಗಳು ಉಪ್ಪಿನಲ್ಲಿ ಬದುಕುತ್ತಿದ್ದವು, ಎಣ್ಣೆ ಮುಟ್ಟುತ್ತಿರಲಿಲ್ಲ. ನನ್ನದು ಅರಮನೆಯಲ್ಲಿ ಗುಮಾಸ್ತಿಕೆ ಮಾಡಿದವರ ಮನೆತನ, ಮನೆಯಲ್ಲಿ ಎಲ್ಲರೂ ಓದಿದವರು. ಡಾಕ್ಟರೇಟ್ ಯಾವಾಗ ಮುಗಿಯುತ್ತೆ ಅಂತ ಮನೆಗೆ ಬಂದವರೆಲ್ಲ ಕೇಳುವವರು. ನಿನ್ನ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನೀನೊಬ್ಬಳೇ. ನಿನಗೆ ಆಗುತ್ತಿದೆ, ನನಗೆ ಆಗುತ್ತಿಲ್ಲ ಅನ್ನುವುದು ನನ್ನನ್ನು ಒಳಗೆ ಕೊರೆಯುತ್ತಿತ್ತು. ಮೇಲೆ ಮಾತ್ರ ನಾನು ನಿನ್ನ ಆಪ್ತ ಗೆಳತಿ. ಅದೂ ಸುಳ್ಳಲ್ಲ — ಎರಡೂ ನಿಜ, ಒಟ್ಟೊಟ್ಟಿಗೆ.

ನಿನ್ನ ಅಪ್ಪನಿಗೆ ಕಾಮಾಲೆ ಜಾಸ್ತಿಯಾಗಿ ಆಸ್ಪತ್ರೆ ಸೇರಿಸಿದಾಗ ನೀನು ಅಲ್ಲೇ ಇರಬೇಕಾಯಿತು. ಪ್ರಯೋಗ ಅರ್ಧಕ್ಕೆ ಬಂದಿತ್ತು. ಗೊತ್ತುಮಾಡಿದ ದಿನ ಎಲ್ಲ ಫ್ಲಾಸ್ಕುಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಪರೀಕ್ಷೆಗೆ ಇಡಬೇಕಿತ್ತು. ನನ್ನನ್ನು ಕೇಳಿಕೊಂಡೆ. ಆಸ್ಪತ್ರೆಯ ಫೋನಿನಿಂದ ಮಾಡಿ, "ಸುಮಿ, ಮೊದ್ಲು ಕಂಟ್ರೋಲಿಂದ ತೆಗಿ, ಆಮೇಲೆ ಮಿಕ್ಕಿದ್ದು. ಹಿಂದ್ಮುಂದೆ ಮಾಡ್ಬುಟ್ಟೀಯ ಕಣೇ" ಅಂದೆ. "ನಂಗೇನು ಇವತ್ತು ಹೇಳಿಕೊಡ್ತಿದ್ದೀಯಾ? ನೀನು ನಿಮ್ಮಪ್ಪನ್ನ ನೋಡ್ಕೊ" ಅಂತ ರೇಗಿದೆ.

ಅವತ್ತು ಗೌರಿ ಹಬ್ಬ. ಮನೆಯಲ್ಲಿ ಬಾಗಿನ ಕೊಡುವುದಕ್ಕೆ ಅಮ್ಮ ಕಾಯುತ್ತಿದ್ದರು, ಹೊಸ ಸೀರೆ ಉಟ್ಟುಕೊಂಡೇ ಲ್ಯಾಬಿಗೆ ಓಡಿ ಬಂದಿದ್ದೆ. ಫ್ಲಾಸ್ಕಿನಿಂದ ನೀರು ಎಳೆದು ತೆಗೆಯುವ ಗಾಜಿನ ಕೊಳವೆಗಳು, ಕುದಿಸಿ ಶುದ್ಧ ಮಾಡಿಟ್ಟ ಪಿಪೆಟ್ಟುಗಳು, ಒಂದು ಬಿಟ್ಟು ಎಲ್ಲ ಮುಗಿದಿದ್ದವು. ಮುಗಿಸಿದವಳೂ ನಾನೇ, ಹಿಂದಿನ ದಿನ ನನ್ನ ಕೆಲಸಕ್ಕೆ. ಮತ್ತೆ ಶುದ್ಧ ಮಾಡಬೇಕಾದರೆ ಮಧ್ಯಾಹ್ನ ಕಳೆಯುತ್ತದೆ. ಒಂದೇ ಪಿಪೆಟ್ಟಿನಲ್ಲಿ ಮುಗಿಸಿದರೆ — ಉಪ್ಪಿನಲ್ಲಿ ಏನು ಬದುಕುತ್ತೆ ಬಿಡು. ಉಪ್ಪಿನಲ್ಲಿ ಕೆಲಸ ಮಾಡುವವರಿಗೆಲ್ಲ ಇರುವ ಅಸಡ್ಡೆ ಇದು. ಬೇರೆ ಲ್ಯಾಬಿನವರು ಗಾಳಿಗೂ ಹೆದರುತ್ತಾರೆ, ನಾವು ಹೆದರುತ್ತಿರಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಅದೇ ಸೌಟಿನಲ್ಲಿ ಅಜ್ಜಿ ಬಾರಿಸುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದವಳು ನಾನು.

ಕೈಗೆ ಹತ್ತಿರ ಇದ್ದದ್ದು ಮರಿಗಳಿದ್ದ ಫ್ಲಾಸ್ಕುಗಳು. ಅಲ್ಲಿಂದ ಶುರು ಮಾಡಿದೆ. ಒಂದೊಂದು ಫ್ಲಾಸ್ಕು ಆದ ಮೇಲೂ ಪಿಪೆಟ್ಟನ್ನು ಶುದ್ಧವಾದ ಉಪ್ಪುನೀರಿನಲ್ಲಿ ಜಾಲಿಸಿದೆ. ಕೊನೆಗೆ ಅದೇ ಪಿಪೆಟ್ಟನ್ನು ಕಂಟ್ರೋಲಿಗೆ ಇಳಿಸಿದೆ. ಕೊಳಾಯಿಯ ಸಾದಾ ನೀರಿನಲ್ಲಿ ತೊಳೆದಿದ್ದರೂ ಅವು ಒಡೆದು ಸಾಯುತ್ತಿದ್ದವೋ ಏನೋ. ನಾನು ಉಪ್ಪುನೀರಿನಲ್ಲಿ ತೊಳೆದೆ — ಸಮುದ್ರದ ಜೀವಕ್ಕೆ ಸ್ನಾನ ಮಾಡಿಸಿ ಪಕ್ಕದ ಮನೆಗೆ ಊಟಕ್ಕೆ ಕಳಿಸಿದ ಹಾಗೆ. ಇಳಿಸಿದ ಮರುಗಳಿಗೆ ತಪ್ಪು ಗೊತ್ತಾಯಿತು, ಸ್ಟೆಲ್ಲಾ. ಗೊತ್ತಾಗಲಿಲ್ಲ ಅಂತ ಹೇಳುವುದಿಲ್ಲ. ಒಂದು ಹನಿ ತಾನೇ ಅಂದುಕೊಂಡು ಹತ್ತಿಯ ಬಿರಡೆ ಹಾಕಿ, ಸೆರಗು ಸರಿಮಾಡಿಕೊಂಡು ಹಬ್ಬಕ್ಕೆ ಹೋದೆ.

ನಿನ್ನ ಅಪ್ಪ ಚೇತರಿಸಿಕೊಂಡು ಮನೆಗೆ ಬಂದರು, ನೀನು ಲ್ಯಾಬಿಗೆ ಬಂದೆ. ಅಷ್ಟು ಹೊತ್ತಿಗೆ ಕಂಟ್ರೋಲ್ ಕಲಗಚ್ಚಾಗಿತ್ತು. ಮೇಲಿನ ಕಪ್ಪು ಪದರ ಒಡೆದುಹೋಗಿತ್ತು. ನೀನು ಆ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ನಾನು ನನ್ನ ಮೇಜಿನ ಮೇಲೆ ಏನೋ ಹುಡುಕುವವಳ ಹಾಗೆ ಬಗ್ಗಿಕೊಂಡೆ.

ಮೇಷ್ಟ್ರು ಕೆಟ್ಟವರಲ್ಲ. ಈಗ ಅವರಿಲ್ಲ, ಅವರ ಮೇಲೆ ಹೇರುವುದು ಸುಲಭ, ಹೇರುವುದಿಲ್ಲ. ಮುಂದಿನ ವಾರ ಹೊರಗಿನಿಂದ ನಿನ್ನ ಕೆಲಸ ನೋಡುವುದಕ್ಕೆ ತಜ್ಞರು ಬರುವವರಿದ್ದರು, ಮೇಷ್ಟ್ರಿಗೆ ಅದರ ತಲೆಬಿಸಿ. "ನೋಡಮ್ಮ, ಏನೂ ಹಾಕ್ದೇ ಇರೋ ಫ್ಲಾಸ್ಕಲ್ಲೂ ಎಣ್ಣೆ ಹೋಗಿದೆ. ಒಂದೋ ಎಣ್ಣೆ ತಾನೇ ಹೋಗ್ತಿದೆ, ಇಲ್ಲಾ ನಿನ್ನ ಕೈ ಸರಿಯಿಲ್ಲ. ನಾನು ಯಾವ್ದನ್ನ ಬರ್ಕೊಳ್ಳಿ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ತೆಗೆದಾಗ ಎಲ್ಲ ಸರಿಯಾಗಿತ್ತಾ?" ಅಂತ ಕೇಳಿದರು.

"ಸರಿಯಾಗೇ ಇತ್ತು ಸರ್. ಸ್ಟೆಲ್ಲಾ ಹೇಳ್ದಂಗೇ ಮಾಡ್ದೆ."

ಬರೀ ಸರಿಯಾಗಿತ್ತು ಅಂದಿದ್ದರೂ ಸಾಕಿತ್ತು. ಸ್ಟೆಲ್ಲಾ ಹೇಳಿದ ಹಾಗೇ — ಆ ಮಾತು ಯಾಕೆ ಸೇರಿಸಿದೆ? ನನ್ನ ತಪ್ಪನ್ನು ನಿನ್ನ ಕೈಗೇ ಕೊಟ್ಟೆ. ನೀನು ಏನು ಮಾಡಿದೆ ಗೊತ್ತಾ? ನನ್ನ ಪರವಾಗಿ ನಿಂತೆ. "ಹೌದು ಸರ್, ಸುಮಿ ಅಂಥ ತಪ್ಪು ಮಾಡಲ್ಲ. ನಾನೇ ಶುರುವಲ್ಲಿ ಏನೋ ಎಡವಟ್ಟು ಮಾಡಿರ್ಬೇಕು" ಅಂದೆ. ನಿನಗೆ ನನ್ನ ಮೇಲೆ ಅನುಮಾನ ಬರಲೇ ಇಲ್ಲ.

ಆಗ ಮೇಷ್ಟ್ರು ಆ ಮಾತು ಹೇಳಿದ್ದು. ಕೋಪದಿಂದಲ್ಲ, ಕನಿಕರದಿಂದ: "ಕೆಲವರಿಗೆ ಕೈಗುಣ ಇರಲ್ಲ ಕಣಮ್ಮ. ಅದಕ್ಕೆ ಯಾರೇನು ಮಾಡೋಕಾಗುತ್ತೆ."

ಕೈಗುಣ. ಗಿಡ ನೆಟ್ಟರೆ ಚಿಗುರಬೇಕು, ಹಪ್ಪಳ ಇಟ್ಟರೆ ಅರಳಬೇಕು, ಔಷಧಿ ಕೊಟ್ಟರೆ ನಾಟಬೇಕು — ಅದು ಕೈಗೆ ಹುಟ್ಟಿನಿಂದಲೇ ಬರುವುದು, ಕಲಿತರೆ ಬರುವುದಲ್ಲ ಅಂತ ನಮ್ಮ ಜನ ನಂಬುತ್ತಾರೆ. ತಪ್ಪು ಮಾಡಿದ್ದೀಯ ಅಂದಿದ್ದರೆ ನೀನು ತಿದ್ದಿಕೊಳ್ಳುತ್ತಿದ್ದೆ. ಕೈಗುಣವೇ ಇಲ್ಲ ಅಂದರೆ ಏನು ತಿದ್ದುವುದು? ನೀನು ನಿನ್ನ ಕೈಗಳನ್ನು ಒಂದು ಸಲ ನೋಡಿಕೊಂಡೆ, ಹಿಂದಕ್ಕೆ ಕಟ್ಟಿಕೊಂಡೆ. ಅದನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ.

ಹಾಗಂತ ಅವರು ನಿನ್ನನ್ನು ಕೈಬಿಡಲಿಲ್ಲ. ಇನ್ನೊಂದು ಸಲ ಮೊದಲಿನಿಂದ ಮಾಡು, ಪೂರ್ತಿ ನಿನ್ನ ಕೈಯಲ್ಲೇ ಮಾಡು ಅಂದರು. ಹಳೆಯ ಫ್ಲಾಸ್ಕುಗಳನ್ನೆಲ್ಲ ತೊಳೆಸಿದರು. ಮರಿಗಳನ್ನು ನೀನು ಸಣ್ಣ ಬಾಟಲಿಗಳಲ್ಲಿ ಉಪ್ಪುನೀರಿನೊಳಗೆ ಫ್ರಿಜ್ಜಿನಲ್ಲಿ ಜೋಪಾನ ಮಾಡಿದ್ದೆ, ಅವುಗಳಿಂದ ಮತ್ತೆ ಶುರು ಮಾಡಬೇಕಿತ್ತು. ಮಾಡಿದೆ. ಬೆಳೆಯಲಿಲ್ಲ. ಮತ್ತೆ ಹಾಕಿದೆ, ಬೆಳೆಯಲಿಲ್ಲ. ಮುಂದಿನ ಬೇಸಿಗೆ ಮುಗಿಯುವವರೆಗೂ ಹಾಕುತ್ತಲೇ ಇದ್ದೆ. ಬಾಟಲಿಯ ಬಿರಡೆ ತೆಗೆಯುವ ಮೊದಲು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುವುದು ಆಗಲೇ ನಿನಗೆ ರೂಢಿಯಾಯಿತು. ಕೆಸರು ಮುಗಿದಿತ್ತು. ಇನ್ನೊಮ್ಮೆ ಬಂದರಿಗೆ ಹೋದರೆ, ದೋಣಿ ನಿಲ್ಲುವ ಹೊಸ ದಕ್ಕೆ ಕಟ್ಟುವುದಕ್ಕೆ ಆ ದಡದ ಹೂಳನ್ನೆಲ್ಲ ತೆಗೆದುಬಿಟ್ಟಿದ್ದರು. ಬೇರೆ ಜಾಗದ ಕೆಸರಿನಲ್ಲಿ ಅಂಥದ್ದು ಸಿಗಲಿಲ್ಲ. ಕೊನೆಗೆ ಒಂದು ದಿನ ನೀನು ಬಿಳಿ ಕೋಟು ಮಡಿಸಿಟ್ಟು ಹೋದೆ.

ನನಗೆ ಡಾಕ್ಟರೇಟ್ ಬಂತು, ಬೇರೆ ವಿಷಯದಲ್ಲಿ. ಅದೇ ವಿಭಾಗದಲ್ಲಿ ಕೆಲಸವೂ ಸಿಕ್ಕಿತು. ನಿನ್ನ ಮದುವೆಗೆ ಬಂದೆ, ಚರ್ಚಿನ ಬೆಂಚಿನಲ್ಲಿ ನಿನ್ನ ಅಮ್ಮನ ಹಿಂದೆ ಕೂತಿದ್ದೆ. ನೀನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ ಆದೆ. ಆಮೇಲೆ ನಾವು ದಸರಾದಲ್ಲೋ ಯಾರದೋ ಮದುವೆಯಲ್ಲೋ ಸಿಕ್ಕರೆ ಮಾತಾಡುವವರಾದೆವು. ದೂರ ಸರಿದವಳು ನಾನು. ನೀನು ಕರೆದಾಗಲೆಲ್ಲ ಏನೋ ಒಂದು ನೆಪ ಹೇಳಿದೆ.

ಈ ಸಲ ನೆಪ ಸಿಗಲಿಲ್ಲ. ಅನಿತಾ ನಮ್ಮ ವಿಷಯವನ್ನೇ ಓದಬೇಕು ಅಂತ ಆಸೆಪಟ್ಟಿದ್ದಾಳೆ, ಊಟಕ್ಕೆ ಬಾ, ಅವಳಿಗೆ ಎರಡು ಮಾತು ಹೇಳು ಅಂತ ನೀನು ಕರೆದೆ. ಬಂದೆ. ಅನ್ನಕ್ಕೆ ಉಪ್ಪಿನಕಾಯಿ ಬಡಿಸುವಾಗ ನೀನು ಅಂಗಡಿಯ ಬಾಟಲಿ ತೆಗೆದೆ. ನಾನು ನನ್ನ ಬಾಯಿಚಪಲಕ್ಕೆ, "ಏನೇ ಇದು, ನಿಂಬೆಕಾಯಿ ಇಷ್ಟು ಅಗ್ಗವಾಗಿರೋವಾಗ ಕೊಂಡು ತಿಂತೀರಾ?" ಅಂದೆ. ಅನಿತಾ ನಕ್ಕು, "ಅಮ್ಮ ಮಾಡಲ್ಲ ಆಂಟಿ. ಹೆಚ್ಚೋದಕ್ಕೂ ಕೈ ಹಾಕಲ್ಲ" ಅಂದಳು. ನೀನೂ ನಕ್ಕೆ. "ನನ್ನ ಕೈಲಿ ಮಾಡಿದ್ರೆ ಬೂಸ್ಟು ಬಂದ್ಬುಡುತ್ತೆ. ನಂಗೆ ಕೈಗುಣ ಇಲ್ಲ, ನಮ್ಮ ಮೇಷ್ಟ್ರೇ ಹೇಳಿದ್ರು. ಬೇಕಾದ್ರೆ ಸುಮಿ ಆಂಟೀನ ಕೇಳು" ಅಂದೆ.

ನನ್ನನ್ನು ಕೇಳು ಅಂದೆ.

ಆಮೇಲೆ ಗೊತ್ತಾದದ್ದು ಇನ್ನೂ ಇತ್ತು. ನಿನ್ನ ಶಾಲೆಯಲ್ಲಿ ಪ್ರಯೋಗಗಳನ್ನು ನೀನು ಹೇಳಿಕೊಡುತ್ತೀಯ, ಮಾಡಿ ತೋರಿಸುವುದು ಮಾತ್ರ ಇನ್ನೊಬ್ಬ ಮೇಡಮ್ ಅಂತೆ. ಹಿತ್ತಿಲಿನ ಗಿಡಗಳನ್ನೂ ನಿನ್ನ ಯಜಮಾನರೇ ನೆಡುತ್ತಾರಂತೆ. ಇದನ್ನೆಲ್ಲ ಅನಿತಾ ತಮಾಷೆಗೆ ಹೇಳುತ್ತಿದ್ದಳು. ಇಷ್ಟು ವರ್ಷ ನಾನು ನಿನ್ನ ಡಾಕ್ಟರೇಟ್ ತಪ್ಪಿಸಿದೆ ಅಂತ ಅಳುಕುತ್ತಿದ್ದೆ. ನಿನ್ನ ಎರಡು ಕೈಗಳನ್ನೇ ಕಿತ್ತುಕೊಂಡಿದ್ದೆ ಅಂತ ಗೊತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ನಿನ್ನ ಹಿಂದೆ ಅಡುಗೆಮನೆಗೆ ಬಂದು ಹೇಳಿಬಿಟ್ಟೆ. ಪಿಪೆಟ್ಟು, ಗೌರಿ ಹಬ್ಬ, ಮೇಷ್ಟ್ರಿಗೆ ಹೇಳಿದ ಸುಳ್ಳು — ಅಲ್ಲಿಯವರೆಗೆ.

ನಲ್ಲಿ ಸುರಿಯುತ್ತಲೇ ಇತ್ತು. ನೀನು ಬೈಯುತ್ತೀಯ ಅಂತ ಕಾದೆ. ನೀನು ಕೇಳಿದ್ದು ಬೇರೆಯೇ. "ಅಂಗಾದ್ರೆ... ಅದು ತಿಂದಿತ್ತಾ?"

ತಿಂದಿತ್ತು ಅಂದೆ.

"ಒಂದೇ ಹನೀಲಿ? ಅಷ್ಟು ಎಣ್ಣೇನಾ?" ನಿನ್ನ ಮುಖದಲ್ಲಿ ಆ ಬಸ್ಸಿಳಿದು ಬಂದ ಹುಡುಗಿ ಮತ್ತೆ ಕಂಡಳು, ಸ್ಟೆಲ್ಲಾ. ನೊರೆಯ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡು ಅತ್ತೆ. "ನನ್ನ ಮರಿಗಳು ಸರಿಯಾಗೇ ಇದ್ವು. ನೋಡ್ದ್ಯಾ, ಸರಿಯಾಗೇ ಇದ್ವು" ಅಂತ ಅದನ್ನೇ ಹೇಳಿದೆ. ನನ್ನ ಮೇಲೆ ಸಿಟ್ಟು ಬಂತೋ ಏನೋ, ಬಂದಿದ್ದರೂ ಅದಕ್ಕೆ ಜಾಗವೇ ಇರಲಿಲ್ಲ. ಕೊನೆಗೆ ನನ್ನನ್ನೇ ಸಂತೈಸಿದೆ: "ಇದನ್ನ ಹೊಟ್ಟೇಲಿಟ್ಕೊಂಡು ಇಷ್ಟು ವರ್ಷ ಎಂಗಿದ್ಯೇ, ಪಾಪ." ಪಾಪ ಅಂದೆ. ನನ್ನನ್ನು.

ಕಣ್ಣು ಒರೆಸಿಕೊಂಡ ಮೇಲೆ ನಿನ್ನ ಹುಬ್ಬು ಗಂಟಾಯಿತು. "ಆದ್ರೆ ಆಮೇಲೆ ಯಾಕೆ ಬೆಳೀಲಿಲ್ಲ ಕಣೇ? ಬೇಸಿಗೆಯೆಲ್ಲ ಹಾಕ್ದೆ. ಅಷ್ಟು ಗಟ್ಟಿ ಜೀವ, ಎಲ್ಲ ಬಾಟ್ಲಿ ಒಟ್ಟಿಗೆ ಎಂಗೆ ಸತ್ತೋದ್ವು?"

"ಆ ಹಳೇ ಫ್ರಿಜ್ಜು ಕೆಡ್ತಾನೇ ಇತ್ತಲ್ಲ" ಅಂದೆ.

"ಹೌದಲ್ವಾ" ಅಂದೆ ನೀನು. ನಂಬಿದೆ. ನಂಬುವುದು ನಿನಗೆ ಅಷ್ಟು ಸುಲಭ, ಅದಕ್ಕೇ ನನಗೆ ಸುಳ್ಳು ಹೇಳುವುದೂ ಅಷ್ಟು ಸುಲಭವಾಗುತ್ತದೆ.

ಅವತ್ತಿನಿಂದ ನೀನು ದಿನಾ ಫೋನ್ ಮಾಡುತ್ತಿದ್ದೀಯ. ಮಾರ್ಕೆಟ್ಟಿನಿಂದ ನಿಂಬೆಹಣ್ಣು ತಂದು ನಿನ್ನ ಕೈಯಾರೆ ಹೆಚ್ಚಿ ಉಪ್ಪಿಗೆ ಹಾಕಿದ್ದನ್ನು ಹೇಳಿದೆ. ರಜೆಯಲ್ಲಿ ಕರಾವಳಿಗೆ ಹೋಗೋಣ, ಅನಿತಾನೂ ಬರಲಿ, ಮತ್ತೆ ಹುಡುಕೋಣ ಅಂದೆ. "ಆ ದಡ ಇಲ್ದಿದ್ರೆ ಇನ್ನೊಂದು ದಡ. ಸಮುದ್ರ ಅಷ್ಟು ದೊಡ್ಡದಿದೆ, ಎಲ್ಲಾದ್ರೂ ಇರುತ್ತೆ ಬುಡು" ಅಂದೆ. ನಾನು ಹೂಂ ಹೂಂ ಅನ್ನುತ್ತಿದ್ದೆ. ನಿನ್ನ ಖುಷಿ ಕೇಳುತ್ತಿದ್ದ ಹಾಗೆ ನನಗೆ ಹೆದರಿಕೆ ಹೆಚ್ಚಾಗುತ್ತಿತ್ತು. ಆ ಖುಷಿಯ ಅಡಿಯಲ್ಲೂ ನನ್ನ ಸುಳ್ಳೊಂದು ಕೂತಿದೆ.

ಫ್ರಿಜ್ಜು ಕೆಟ್ಟಿರಲಿಲ್ಲ.

ಮೇಷ್ಟ್ರು ನಿನಗೆ ಇನ್ನೊಂದು ಅವಕಾಶ ಕೊಟ್ಟರಲ್ಲ, ಅವತ್ತು ನಾನು ಲೆಕ್ಕ ಹಾಕಿದೆ. ಪೂರ್ತಿ ನಿನ್ನ ಕೈಯಲ್ಲೇ ಮಾಡಿದಾಗ ಕಂಟ್ರೋಲ್ ತಿಳಿಯಾಗಿ ನಿಂತರೆ, ಹಿಂದಿನ ಸಲ ಕೈ ಹಾಕಿದ ಇನ್ನೊಬ್ಬರು ಯಾರು ಅಂತ ಯಾರಾದರೂ ಕೇಳುತ್ತಾರೆ. ಇನ್ನೊಬ್ಬಳು ನಾನೊಬ್ಬಳೇ. ನನ್ನ ಕೆಲಸದ ಸಂದರ್ಶನ ಆಗ ಎದುರಿಗಿತ್ತು. ಅದೊಂದೇ ಕಾರಣವಾಗಿದ್ದರೆ ಹೆದರಿಕೆ ಅನ್ನಬಹುದಿತ್ತು. ಅದೊಂದೇ ಅಲ್ಲ. ನಿನ್ನದು ಆಗಬಾರದು ಅಂತಲೂ ಇತ್ತು.

ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಿರಿ. ನೀನು "ಬೇಗ ಬಾ, ಸಾರು ತಣ್ಣಗಾಗುತ್ತೆ" ಅಂತ ಹೇಳಿ ಹೋದೆ. ಫ್ರಿಜ್ಜಿನಿಂದ ನಿನ್ನ ಬಾಟಲಿಗಳ ಸ್ಟ್ಯಾಂಡನ್ನು ತೆಗೆದೆ. ಪಾತ್ರೆಯಲ್ಲಿ ನೀರು ಮರಳುತ್ತಿತ್ತು, ಅದರಲ್ಲಿ ಬಾಟಲಿಗಳನ್ನು ಕುತ್ತಿಗೆಯವರೆಗೆ ಇಳಿಸಿದೆ. ಅನ್ನ ಆಗುವಷ್ಟು ಹೊತ್ತು ಪಕ್ಕದಲ್ಲೇ ನಿಂತಿದ್ದೆ. ಯಾವ ಆವೇಶವೂ ಇರಲಿಲ್ಲ. ನಡುವೆ ಯಾವಾಗ ಬೇಕಾದರೂ ತೆಗೆಯಬಹುದಿತ್ತು, ಒಂದನ್ನಾದರೂ ಉಳಿಸಬಹುದಿತ್ತು. ಬೆಂದ ಮೇಲೆ ನಲ್ಲಿ ನೀರಿನಲ್ಲಿ ತಣಿಸಿದೆ, ನಿನ್ನ ಅಕ್ಷರ ಅಳಿಸಬಾರದು ಅಂತ ದುಪಟ್ಟಾದ ತುದಿಯಿಂದ ಚೀಟಿಗಳನ್ನು ಒತ್ತಿ ಒತ್ತಿ ಒರೆಸಿದೆ, ಮೊದಲಿದ್ದ ಹಾಗೇ ಜೋಡಿಸಿ ಫ್ರಿಜ್ಜಿನಲ್ಲಿಟ್ಟೆ. ಆಮೇಲೆ ಕ್ಯಾಂಟೀನಿಗೆ ಬಂದೆ. ನೀನು ಪಕ್ಕದಲ್ಲಿ ನನಗೆ ಅಂತ ಜಾಗ ಹಿಡಿದಿದ್ದೆ.

ಬಿಸಾಕಿದ್ದರೆ ನಿನಗೆ ಕಳವಾಯಿತು ಅಂತಾದರೂ ಗೊತ್ತಾಗುತ್ತಿತ್ತು. ಬೇಯಿಸಿ ವಾಪಸ್ ಇಟ್ಟೆ. ಆ ಬೇಸಿಗೆ ಪೂರ್ತಿ ನೀನು ಶಿಲುಬೆ ಗುರುತು ಮಾಡಿಕೊಂಡು ಹೆಣಗಳಿಂದ ಬಿತ್ತನೆ ಮಾಡುತ್ತಿದ್ದೆ. ನಾನು ನಿನ್ನ ಪಕ್ಕದಲ್ಲಿ ಬರ್ನರ್ ಹಚ್ಚಿಕೊಡುತ್ತಿದ್ದೆ. "ಈ ಸಲ ಬರುತ್ತೆ ಬಿಡೇ" ಅಂತ ಧೈರ್ಯವನ್ನೂ ಹೇಳುತ್ತಿದ್ದೆ. ನಿನಗೆ ಕೈಗುಣ ಇಲ್ಲ ಅಂತ ಮೇಷ್ಟ್ರು ಒಂದು ಸಲ ಅಂದರು. ಅದನ್ನು ನಿನಗೆ ದಿನದಿನವೂ ಸಾಬೀತು ಮಾಡಿ ತೋರಿಸಿದವಳು ನಾನು.

ಆ ಮರಿಗಳು ಬದುಕಿದ್ದರೆ ಬಂದರುಗಳೆಲ್ಲ ತೊಳೆದ ಹಾಗೆ ಆಗುತ್ತಿದ್ದವು ಅಂತ ನಾನು ಹೇಳಲಾರೆ. ಫ್ಲಾಸ್ಕಿನಲ್ಲಿ ಆದದ್ದೆಲ್ಲ ಸಮುದ್ರದಲ್ಲಿ ಆಗುವುದಿಲ್ಲ, ನಿನಗೂ ಗೊತ್ತು. ಆದರೆ ಏನಾಗುತ್ತಿತ್ತು ಅಂತ ನೋಡುವ ಹಕ್ಕು ನಿನ್ನದಾಗಿತ್ತು. ಪೇಪರಿನಲ್ಲಿ ಎಲ್ಲಾದರೂ ಕಡಲಿಗೆ ಎಣ್ಣೆ ಚೆಲ್ಲಿದ ಸುದ್ದಿ ಬಂದರೆ ನಾನು ಆ ಪುಟ ಮಗುಚಿಬಿಡುತ್ತೇನೆ, ಇವತ್ತಿಗೂ.

ಇದನ್ನು ಫೋನಿನಲ್ಲಿ ಕಳಿಸುವುದಿಲ್ಲ. ಕಳಿಸಿದರೆ ನಿನ್ನ ಮುಖ ನೋಡುವುದು ತಪ್ಪುತ್ತದೆ, ಅಷ್ಟನ್ನೂ ತಪ್ಪಿಸಿಕೊಳ್ಳಬಾರದು. ನಾಳೆ ನಿನ್ನ ಶಾಲೆ ಬಿಡುವ ಹೊತ್ತಿಗೆ ಮನೆಗೆ ಬಂದು, ಅನಿತಾಳನ್ನೂ ಕೂರಿಸಿಕೊಂಡು, ಓದಿ ಹೇಳುತ್ತೇನೆ. ನಮ್ಮ ವಿಭಾಗದವರಿಗೂ ಹೇಳುತ್ತೇನೆ. ಭಾನುವಾರ ನೀನು ಕೊಟ್ಟ ಕ್ಷಮೆಯನ್ನು ನಾನು ಇಟ್ಟುಕೊಳ್ಳುವ ಹಾಗಿಲ್ಲ, ಅದು ಬೇರೆ ಯಾವುದಕ್ಕೋ ಕೊಟ್ಟದ್ದು. ಕರಾವಳಿಗೆ ನೀನು, ಅನಿತಾ ಹೋಗಿ. ನಾನು ಬರುವುದಿಲ್ಲ. ನೀನಾಗಿ ಕರೆದರೂ, ಇದನ್ನೆಲ್ಲ ಕೇಳಿದ ಮೇಲೂ ಕರೆದರೂ — ಆ ಕೆಸರಿಗೆ ನಾನು ಕೈ ಹಾಕಬಾರದು.

ಇನ್ನೊಂದೇ ಇದೆ. ನೀನು ಲ್ಯಾಬ್ ಬಿಟ್ಟು ಹೋದ ದಿನ ಆ ಬಾಟಲಿಗಳನ್ನು ನನ್ನ ಕೈಗೆ ಕೊಟ್ಟಿದ್ದೆ. "ಬಿಸಾಕ್ಬೇಡ ಕಣೇ ಸುಮಿ. ಉಪ್ಪಲ್ಲಿರೋ ಜೀವ, ಸುಮ್ನೆ ಮಲಗಿರ್ಬೋದು. ಎಂದಾದ್ರೂ ಎದ್ರೆ ನಂಗೆ ಹೇಳು" ಅಂದಿದ್ದೆ. ಹೇಳ್ತೀನಿ ಅಂದಿದ್ದೆ ನಾನು.

ಅವು ಮಲಗಿರಲಿಲ್ಲ, ಸ್ಟೆಲ್ಲಾ. ನೀನು ನನ್ನ ಕೈಗೆ ಕೊಡುವ ಎಷ್ಟೋ ಮೊದಲೇ ನಾನು ಅವನ್ನು ಕೊಂದಿದ್ದೆ.